ಕಿಟಕಿ ಪಕ್ಕದ ಮೂರನೇ ಮಿಷಿನ್ನು

ಪತ್ರಿಕೆಯವರು ಆ ಸಿನಿಮಾವನ್ನು ಹಿಗ್ಗಾಮುಗ್ಗಾ ಉಗಿದಿದ್ದಕ್ಕೆ ನನಗೇನೂ ಬೇಜಾರಿಲ್ಲ. ಉಗಿಯಬೇಕಾದ್ದೇ. ನನ್ನ ಪಾತ್ರ ಮಾಡಿದ ಹುಡುಗಿಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಬರುತ್ತಿರಲಿಲ್ಲ. ಕೈಕಾಲು ಕಟ್ಟಿಹಾಕಿದ ದೃಶ್ಯದಲ್ಲೂ ಅವಳ ತುಟಿಯ ಬಣ್ಣ ಒಂಚೂರು ಅಳಿಸಿರಲಿಲ್ಲ. ‘ತನ್ನ ಹೆಂಡತಿಯ ಮುಖವೇ ಗೊತ್ತಿಲ್ಲದ ಗಂಡ ಬೇರೆ ಯಾರನ್ನೋ ಅಪಹರಿಸುತ್ತಾನಂತೆ! ನಿರ್ದೇಶಕರು ಪ್ರೇಕ್ಷಕರನ್ನು ಏನೆಂದುಕೊಂಡಿದ್ದಾರೆ?’ ಎಂದು ಒಬ್ಬ ಬರೆದಿದ್ದ. ಇನ್ನೊಬ್ಬ, ಇದು ಮನಸ್ಸಿನ ಆಳಕ್ಕಿಳಿಯುವ ಥ್ರಿಲ್ಲರ್ ಅಲ್ಲ, ತಲೆನೋವು ಬರಿಸುವ ಎರಡೂವರೆ ಗಂಟೆ ಅಷ್ಟೇ ಎಂದಿದ್ದ. ನಮ್ಮೂರಿನ ಟಾಕೀಸಿನಲ್ಲಿ ಅದು ನಾಲ್ಕು ದಿನ ಓಡಿತು. ನಮ್ಮವರೂ ಉಗಿದರು, ಆದರೆ ಅವರ ಕಾರಣವೇ ಬೇರೆ. ‘ಇದ್ರಲ್ಲಿ ಥ್ರಿಲ್ಲು ಎಲ್ಲೈತೆ? ಹೋದ ವರ್ಷ ನಮ್ಮ ಸೋದರತ್ತೆ ಮನೇಲೂ ಹಿಂಗೇ ಆಗಿತ್ತು’ ಎಂದು ಗೇಟಿನ ಹತ್ತಿರ ಒಬ್ಬಳು ಹೇಳುತ್ತಿದ್ದಳು.

ನಮ್ಮೂರಿನಲ್ಲಿ ಒಂಬತ್ತು ದಿನ ಕಣ್ಣಿಗೆ ಬೀಳದವರ ಮುಖ ಹತ್ತನೆಯ ದಿನ ಬೆಳಗಾಗುವಷ್ಟರಲ್ಲಿ ಮರೆತುಹೋಗಿರುತ್ತದೆ. ಹೆಸರು, ಋಣ, ಜಗಳ, ಪ್ರೀತಿ ಎಲ್ಲ ಹಾಗೇ ಇರುತ್ತವೆ. ಮುಖ ಹೋಗುತ್ತದೆ, ಅದರ ಜೊತೆಗೆ ಮಚ್ಚೆ, ನಡಿಗೆ, ದನಿಯೂ. ಸತ್ತವರಿಗೂ ಇದೇ ನಿಯಮ. ಹಾಗಾಗಿ ನಮ್ಮಲ್ಲಿ ಅಳುವುದಿದ್ದರೆ ಒಂಬತ್ತು ದಿನದೊಳಗೆ ಅತ್ತು ಮುಗಿಸುತ್ತಾರೆ. ಬಸುರಿ ಹೆಂಗಸರು ತವರಿಗೆ ಹೋದರೆ ವಾರಕ್ಕೊಮ್ಮೆ ಗಂಡ ಹೋಗಿ ಮುಖ ತೋರಿಸಿ ಬರಬೇಕು. ಯಾರಾದರೂ ಅದಕ್ಕಿಂತ ಹೆಚ್ಚು ದಿನ ಹೊರಗಿದ್ದು ಬಂದರೆ ನೆಟ್ಟಗೆ ಮನೆಗೆ ಹೋಗುವಂತಿಲ್ಲ. ಪೇಟೆಯ ನಡುವಿನ ಗುರುತಿನ ಜಗಲಿಯ ಮೇಲೆ ಕೂತಿರಬೇಕು. ಮನೆಯವರು ಬಂದು ಮೂರು ಪ್ರಶ್ನೆ ಕೇಳುತ್ತಾರೆ. ಸರಿಯಾದ ಉತ್ತರ ಕೊಟ್ಟವರನ್ನು ಕೈಹಿಡಿದು ಇಳಿಸಿಕೊಂಡು ಹೋಗುತ್ತಾರೆ. ಒಮ್ಮೆ ಇಳಿಸಿಕೊಂಡ ಮೇಲೆ ಮುಗಿಯಿತು, ಅದನ್ನು ಮತ್ತೆ ಯಾರೂ ಕೆದಕುವುದಿಲ್ಲ.

ಇಂಥ ಊರಿನಲ್ಲಿ ಜನರನ್ನು ಜಾಗದಿಂದ ಗುರುತಿಸುವುದು ರೂಢಿ. ಮೀನಿನ ಮಾರ್ಕೆಟ್ಟಿನಲ್ಲಿ ಎರಡನೆಯ ಕಲ್ಲಿನವಳು, ಹೋಟೆಲಿನಲ್ಲಿ ಕಂಬದ ಮಗ್ಗುಲಿನವನು, ಹೀಗೆ. ಯಾರೂ ತಮ್ಮ ಜಾಗ ಬಿಟ್ಟು ಇನ್ನೊಬ್ಬರ ಜಾಗದಲ್ಲಿ ಕೂರುವುದಿಲ್ಲ. ನಾನು ಕೂತೆ. ನನ್ನ ಹೆಸರು ಅಂಬುಜಾಕ್ಷಿ. ಈಗ ಹಾಗೆಂದರೆ ಯಾರೂ ತಿರುಗಿ ನೋಡುವುದಿಲ್ಲ.

ಆಗ ನನಗೆ ಇಪ್ಪತ್ತಾರು. ಗಂಡ ದೊರೆಸ್ವಾಮಿ ನೀರಿನ ಟ್ಯಾಂಕಿಯಲ್ಲಿ ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಅತ್ತೆ ಪುಟ್ಟತಾಯಮ್ಮ ಇದ್ದರು, ಐದು ವರ್ಷದ ಮಗಳು ಹಂಸ ಇದ್ದಳು. ನಾನು ಕೊಡೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಿದ್ದೆ. ಕಪ್ಪು ಬಟ್ಟೆಯ ಎಂಟೆಂಟು ತುಂಡು ಜೋಡಿಸಿ ಕಪ್ಪು ದಾರದಲ್ಲಿ ಹೊಲಿಯುವ ಕೆಲಸ, ಕಣ್ಣು ಕಿತ್ತು ಬರುತ್ತಿತ್ತು. ನನ್ನ ಮಿಷಿನ್ನು ಕತ್ತಲೆಯ ಮೂಲೆಯಲ್ಲಿತ್ತು. ಕಿಟಕಿ ಪಕ್ಕದ ಮೂರನೇ ಮಿಷಿನ್ನು ಚಂಪಾವತಿಯದು. ನನ್ನ ವಾರಿಗೆಯವಳೇ, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಗಂಡ ಕೆಂಪರಾಜು ಹೊಡೆಯುತ್ತಾನೆಂದು ಅವನನ್ನು ಬಿಟ್ಟು ಐದು ತಿಂಗಳಿಂದ ಅಕ್ಕನ ಮನೆಯಲ್ಲಿದ್ದಳು. ಅವಳು ಮಾತೇ ಆಡುತ್ತಿರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನು ಆಡುತ್ತಿದ್ದೆ. ನನ್ನ ಬಾಯಿ ಬೊಂಬಾಯಿ. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತು ಅತ್ತೆಯ ಹೆಬ್ಬೆರಳಿಗೆ ರುಬ್ಬುಗುಂಡು ಬಿದ್ದದ್ದು, ಹಂಸ ಹುಟ್ಟುವಾಗ ಕರೆಂಟು ಹೋಗಿ ಸೂಲಗಿತ್ತಿ ನನ್ನನ್ನೇ ಬೈದದ್ದು, ಮುನಿಸಿಕೊಂಡಾಗ ಗಂಡ ನನ್ನನ್ನು ಏನೆಂದು ಕರೆದು ನಗಿಸುತ್ತಾನೆಂಬುದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ್ದೆ. ಅವಳು ತಲೆಯಾಡಿಸುತ್ತ ಕೇಳುತ್ತಿದ್ದಳು. ಇಷ್ಟು ಚೆನ್ನಾಗಿ ಕೇಳುವವರು ನನಗೆ ಹಿಂದೆ ಸಿಕ್ಕಿರಲಿಲ್ಲ, ಆ ಖುಷಿಯಲ್ಲಿ ಇನ್ನಷ್ಟು ಹೇಳುತ್ತಿದ್ದೆ.

ಒಂದೇ ಒಂದು ದಿನದ ಮಟ್ಟಿಗೆ ಜಾಗ ಬದಲಾಯಿಸಿಕೊಳ್ಳೋಣ, ಬೆಳಕಿಗೆ ಕೂತು ಹೊಲೀತೀನಿ ಎಂದು ಅವಳನ್ನು ಒಂದು ವಾರದಿಂದ ಕಾಡುತ್ತಿದ್ದೆ. ಬೇಡ ಎನ್ನುತ್ತಿದ್ದಳು. ಆ ಮಂಗಳವಾರ ಬೆಳಗ್ಗೆ ಮಾತ್ರ ಅವಳಾಗಿಯೇ ಎದ್ದು ನಿಂತು, ‘ಕೂತ್ಕೊಳ್ಳಿ ಅಕ್ಕ, ನಿಮ್ಮ ಕಣ್ಣಿಗೂ ಒಂಚೂರು ಸುಖ ಆಗ್ಲಿ’ ಅಂದಳು. ಮೇಸ್ತ್ರಿ ಗೊಣಗಿದ. ಒಂದೇ ದಿನ ಅಲ್ವಾ ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಮಧ್ಯಾಹ್ನ ಎಲ್ಲರೂ ಕೈತೊಳೆಯಲು ಹೋಗಿದ್ದಾಗ ಇಬ್ಬರು ಗಂಡಸರು ಬಂದರು. ಒಬ್ಬ ಬೆರಳಿನಿಂದ ಮಿಷಿನ್ನುಗಳನ್ನು ಎಣಿಸಿದ. ಒಂದು, ಎರಡು, ಮೂರು. ಇನ್ನೊಬ್ಬ ನನ್ನ ಬಾಯಿಗೆ ಕೊಡೆಯ ಬಟ್ಟೆಯನ್ನೇ ತುರುಕಿದ. ಹಾಡುಹಗಲೇ ವ್ಯಾನಿನಲ್ಲಿ ಹಾಕಿಕೊಂಡು ಹೋದರು.

ಊರಾಚೆ ಪಾಳುಬಿದ್ದ ಸುಣ್ಣದ ಗೂಡಿನ ಕೋಣೆಯಲ್ಲಿ ನನ್ನನ್ನು ಕೂಡಿಹಾಕಿದರು. ಹೊಡೆಯಲಿಲ್ಲ, ಬಡಿಯಲಿಲ್ಲ, ಹೊತ್ತು ಹೊತ್ತಿಗೆ ಬನ್ನು, ಟೀ ಕೊಟ್ಟರು. ಅವರಿಗೆ ಬೇಕಾಗಿದ್ದದ್ದು ಒಂಬತ್ತು ದಿನ ಮಾತ್ರ. ಒಂಬತ್ತು ದಿನ ಕಳೆದರೆ ಚಂಪಾವತಿಯನ್ನು ಅವಳ ಅಕ್ಕನೂ ಗುರುತಿಸುವುದಿಲ್ಲ, ಆಗ ಕೆಂಪರಾಜು ಜಗಲಿಗೆ ಬಂದು ಇವಳು ನನ್ನ ಹೆಂಡತಿ ಎಂದರೆ ತಡೆಯುವವರಿರುವುದಿಲ್ಲ. ‘ಅಯ್ಯೋ, ನಾನು ಚಂಪಾವತಿ ಅಲ್ಲ ಕಣ್ರಪ್ಪಾ, ಅಂಬುಜಾಕ್ಷಿ, ದೊರೆಸ್ವಾಮಿ ಹೆಂಡ್ತಿ’ ಎಂದು ಬಡಕೊಂಡೆ. ‘ಹಿಂಗೇ ಹೇಳ್ತಾಳೆ ಅಂತ ಯಜಮಾನ್ರು ಮೊದ್ಲೇ ಹೇಳವ್ರೆ’ ಎಂದು ಅವರು ನಕ್ಕರು. ನಾಲ್ಕನೆಯ ದಿನ ಕೆಂಪರಾಜುವೇ ಬಂದ. ಬಾಗಿಲಲ್ಲಿ ನಿಂತು ನನ್ನನ್ನು ದಿಟ್ಟಿಸಿದ. ಐದು ತಿಂಗಳಿಂದ ಹೆಂಡತಿಯನ್ನು ನೋಡದವನಿಗೆ ಮುಖ ಎಲ್ಲಿಂದ ನೆನಪಿರಬೇಕು? ಅವನ ಕಣ್ಣಿನಲ್ಲಿ ಒಂದು ಗಳಿಗೆ ಅನುಮಾನ ಹಾದುಹೋದದ್ದನ್ನು ನಾನು ಕಂಡೆ. ‘ಮೂರ್ನೇ ಮಿಷಿನ್ನು ತಾನೇ?’ ಎಂದು ಕೇಳಿದ. ಹೂಂ ಅಂದರು. ಅಲ್ಲಿಗೆ ಅವನ ಅನುಮಾನ ಮುಗಿಯಿತು.

ನನಗಿದ್ದದ್ದು ಅವನ ಭಯವಲ್ಲ, ಹಂಸಳ ಮುಖ ಮರೆತುಹೋಗುವ ಭಯ. ಅವಳ ಮುಖ ಹಿಡಿದಿಟ್ಟುಕೊಳ್ಳಬೇಕೆಂದು ಹಗಲೂ ರಾತ್ರಿ ಒದ್ದಾಡಿದೆ. ಸುಣ್ಣದ ಗೋಡೆಯ ಮೇಲೆ ಉಗುರಿನಿಂದ ಬರೆದೆ, ಹುಬ್ಬು ಹೀಗೆ, ಗಲ್ಲ ಹೀಗೆ. ಒಂಬತ್ತನೆಯ ದಿನ ಸಂಜೆಯವರೆಗೂ ಇದ್ದಳು, ಮೂಗು ಒರೆಸಿಕೊಳ್ಳುತ್ತ ನಗುತ್ತಿದ್ದಳು. ಹತ್ತನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಗೀಚು ಮಾತ್ರ ಇತ್ತು. ಹಂಸ ಎನ್ನುವ ಹೆಸರಿತ್ತು, ಎದೆಯಲ್ಲಿ ಸಂಕಟವಿತ್ತು, ಮುಖ ಮಾತ್ರ ಇರಲಿಲ್ಲ. ಆವತ್ತು ಅತ್ತ ಹಾಗೆ ನಾನು ಮತ್ತೆ ಯಾವತ್ತೂ ಅತ್ತಿಲ್ಲ.

ಹನ್ನೆರಡನೆಯ ದಿನ ನನ್ನನ್ನು ಜಗಲಿಗೆ ತಂದರು. ಜಗಲಿಯ ಯಜಮಾನರು ಚೌಡಪ್ಪ ಮೇಷ್ಟ್ರು, ನ್ಯಾಯಸ್ಥರು. ಕೆಂಪರಾಜು ಇವಳು ನನ್ನ ಹೆಂಡತಿ ಎಂದ. ನಾನು ಅಲ್ಲ ಎಂದೆ. ದೊರೆಸ್ವಾಮಿಯನ್ನು ಕರೆಸಿ, ಅತ್ತೆಯನ್ನು ಕರೆಸಿ, ಬೇಕಾದ್ದು ಕೇಳಲಿ, ಹೇಳುತ್ತೇನೆ ಎಂದೆ. ಮೇಷ್ಟ್ರು ಆಳು ಕಳಿಸಿದರು. ಬಂದರು. ಒಬ್ಬ ಗಂಡಸು, ಒಬ್ಬಳು ಮುದುಕಿ. ಅವರ ಹಿಂದೆ ನನ್ನ ಹಸಿರು ಸೀರೆ ಉಟ್ಟುಕೊಂಡ ಒಬ್ಬ ಹೆಂಗಸು.

‘ನಮ್ಮ ಅಂಬುಜಿ ಮೊನ್ನೇನೇ ಬಂದವ್ಳಲ್ಲ ಮೇಷ್ಟ್ರೇ’ ಅಂದಳು ಮುದುಕಿ. ‘ಪಾಪ, ಯಾರೋ ಹಿಡ್ಕೊಂಡೋಗಿದ್ರಂತೆ, ತಪ್ಪಿಸ್ಕೊಂಡು ಬಂದವ್ಳೆ. ಇದೇ ಜಗಲಿ ಮೇಲೆ ನಾನೇ ಮೂರೂ ಪ್ರಶ್ನೆ ಕೇಳ್ದೆ. ನೀವೇ ಇದ್ರಲ್ಲ!’

‘ಅವಳು ಚಂಪಾವತಿ!’ ಎಂದು ಕೂಗಿದೆ. ಆದರೆ ಅವಳು ಚಂಪಾವತಿ ಎಂದು ನಾನೇ ಹೇಗೆ ಹೇಳಲಿ? ಅವಳ ಮುಖವೂ ನನಗೆ ಮರೆತಿತ್ತು. ಮೇಷ್ಟ್ರು ನನ್ನನ್ನೂ ಕೇಳಲು ಹೇಳಿದರು. ಅತ್ತೆಯ ಹೆಬ್ಬೆರಳು, ಕರೆಂಟು ಹೋದದ್ದು, ಗಂಡ ಕರೆಯುವ ಹೆಸರು. ಮೂರನ್ನೂ ಹೇಳಿದೆ. ಜನ ಗುಜುಗುಜು ಶುರು ಮಾಡಿದರು. ದೊರೆಸ್ವಾಮಿಯ ಮುಖ ಬಿಳಿಚಿಕೊಂಡಿತು. ಆ ಹೆಂಗಸು ಮೆಲ್ಲಗೆ ಬಾಯಿಬಿಟ್ಟಳು: ‘ಕಾರ್ಖಾನೇಲಿ ಊಟದ ಹೊತ್ತಲ್ಲಿ ನನ್ನ ಪಕ್ಕ ಕೂರ್ತಿದ್ಲು ಇವ್ಳು. ನನ್ನ ಬಾಯಿ ನಿಮ್ಗೆ ಗೊತ್ತಲ್ಲ ಅತ್ತೆ, ಎಲ್ಲ ಇವ್ಳ ಹತ್ರ ಹೇಳ್ಬಿಟ್ಟಿದ್ದೆ.’

ನನ್ನ ಮಾತನ್ನು ಅವಳು ನನಗಿಂತ ಮೊದಲು ಆಡಿಬಿಟ್ಟಳು. ನಾನು ಸುತ್ತ ನೋಡಿದೆ. ಜಗಲಿಯ ಕೆಳಗೆ ನಾಲ್ಕೈದು ಮಕ್ಕಳು ನಿಂತಿದ್ದವು. ಅದರಲ್ಲಿ ಒಂದು ಕೆಂಪು ಹೂವಿನ ಫ್ರಾಕು ಹಾಕಿಕೊಂಡಿತ್ತು. ಆ ಫ್ರಾಕು ನನ್ನ ಕೈಯ ಹೊಲಿಗೆ, ಹೆಂಗಸರ ಕೊಡೆಯ ಉಳಿಕೆ ಬಟ್ಟೆಯದು, ಕತ್ತಿನ ಹತ್ತಿರ ಮೂರು ನೆರಿಗೆ. ಅಯ್ಯೋ ನನ್ನ ಕಂದಾ ಎಂದು ಓಡಿಹೋಗಿ ತಬ್ಬಿಕೊಂಡೆ. ಮಗು ಕಿಟಾರನೆ ಕಿರುಚಿತು. ಯಾರೋ ಒಬ್ಬಳು ಓಡಿಬಂದು ಅದನ್ನು ಕಿತ್ತುಕೊಂಡಳು. ಅದು ಅವಳ ಮಗಳು. ಫ್ರಾಕನ್ನು ಹಿಂದಿನ ದಿನ ತಾನೇ ಆ ಹಸಿರು ಸೀರೆಯವಳು, ಹಂಸಳಿಗೆ ಚಿಕ್ಕದಾಯಿತೆಂದು ಪಕ್ಕದ ಮನೆಯ ಇವಳಿಗೆ ಕೊಟ್ಟಿದ್ದಳಂತೆ.

ಹಂಸ ಅವಳ ಸೊಂಟ ಹಿಡಿದುಕೊಂಡು ನಿಂತಿದ್ದಳು, ಯಾವುದೋ ಹೊಸ ಲಂಗದಲ್ಲಿ. ಅವಳೇ ಹಂಸ ಎಂದು ಯಾರೋ ಹೇಳಿದ ಮೇಲೆ ತಿಳಿಯಿತು. ನಾನು ಕೈಚಾಚಿದೆ. ಮಗು ಆ ಹಸಿರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

ಮೇಷ್ಟ್ರು ನನ್ನ ಕಡೆ ತಿರುಗಿದರು. ‘ಒಂದ್ಸಲ ಇಳಿಸ್ಕೊಂಡೋರನ್ನ ಮತ್ತೆ ಹತ್ಸೋಕಾಗಲ್ಲ ತಾಯಿ’ ಅಂದರು. ‘ಅವರವರ ಮನೆಗೆ ಅವರವರು ಹೋಗಿ.’ ಬಿಟ್ಟುಹೋದ ಹೆಂಡತಿ ಬೇಕೆಂದೇ ತಪ್ಪು ಉತ್ತರ ಹೇಳುತ್ತಾಳೆಂದು ಅವನ ಮನೆಯ ಪ್ರಶ್ನೆಗಳನ್ನು ಯಾರೂ ನನಗೆ ಕೇಳಲಿಲ್ಲ. ಕೆಂಪರಾಜು ನನ್ನ ಕೈ ಹಿಡಿದು ಇಳಿಸಿದ.

ಕೆಂಪರಾಜುವಿನ ಮನೆಯಲ್ಲಿ ಆರು ವರ್ಷ ಬಾಳಿದೆ. ಚಂಪಾವತಿ ಯಾಕೆ ಓಡಿಹೋಗಿದ್ದಳೆಂದು ಮೊದಲ ವಾರದಲ್ಲೇ ಗೊತ್ತಾಯಿತು. ನಾನು ಅವಳಲ್ಲ ಎಂದರೆ ಅದಕ್ಕೊಂದು ಏಟು, ಅವಳೇ ಎಂದು ಒಪ್ಪಿಕೊಂಡರೆ ಓಡಿಹೋಗಿದ್ದಕ್ಕೊಂದು ಏಟು. ಚಂಪಾವತಿಯ ಅಕ್ಕ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಂದುಕೊಡುತ್ತಿದ್ದಳು. ನನಗೆ ಅವರ ತವರಿನ ಒಂದು ವಿಷಯವೂ ಗೊತ್ತಿರಲಿಲ್ಲ, ಏಟು ತಿಂದೂ ತಿಂದೂ ತಂಗಿಗೆ ಎಲ್ಲ ಮರೆತಿದೆ ಎಂದು ಆ ಪುಣ್ಯಾತ್ಗಿತ್ತಿ ನನ್ನ ತಲೆ ಸವರಿ ಅಳುತ್ತಿದ್ದಳು. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಮನೆಯಲ್ಲಿ ನನ್ನನ್ನು ಪ್ರೀತಿಯಿಂದ ಮುಟ್ಟುತ್ತಿದ್ದವಳು ಅವಳೊಬ್ಬಳೇ. ಆರನೆಯ ವರ್ಷ ಕೆಂಪರಾಜು ಕಾಮಾಲೆಯಾಗಿ ಸತ್ತ. ಹತ್ತನೆಯ ದಿನ ಅವನ ಮುಖ ಹೋಯಿತು. ಆವತ್ತು ನಾನು ಪಾಯಸ ಮಾಡಿಕೊಂಡು ಉಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮಿಷಿನ್ನು ಹಾಕಿಕೊಂಡು ಅಂಗಡಿ ತೆರೆದೆ. ಬೋರ್ಡಿನ ಮೇಲೆ ಚಂಪಾವತಿ ಟೈಲರ್ಸ್ ಎಂದೇ ಬರೆಸಿದೆ.

ಈ ಅಷ್ಟೂ ವರ್ಷ ನಾನು ಒಂದೇ ಒಂದು ವ್ರತ ಹಿಡಿದಿದ್ದೆ. ವಾರಕ್ಕೊಮ್ಮೆ ಹಂಸಳ ಮುಖ ನೋಡುವುದು. ಮೊದಲು ಇಸ್ಕೂಲಿನ ಗೇಟಿನ ಹತ್ತಿರ, ಆಮೇಲೆ ಬೀದಿ ನಲ್ಲಿಯ ಹತ್ತಿರ, ಅವಳು ಟೈಪಿಂಗ್ ಕ್ಲಾಸಿಗೆ ಸೇರಿದ ಮೇಲೆ ಬಸ್ ಸ್ಟಾಂಡಿನಲ್ಲಿ. ಪ್ರತಿ ಗುರುವಾರ. ಜ್ವರ ಬಂದರೂ, ಕೆಂಪರಾಜು ಕಾಲು ಮುರಿಯುತ್ತೇನೆಂದರೂ ಹೋದೆ. ಒಮ್ಮೆ ತಪ್ಪಿದರೆ ಮತ್ತೆ ಯಾರಾದರೂ ಬೆರಳು ತೋರಿಸಿ ಅವಳೇ ನೋಡು ಎನ್ನಬೇಕಾಗುತ್ತದೆ. ಹಲ್ಲು ಬಿದ್ದದ್ದು, ಎರಡು ಜಡೆ ಹೋಗಿ ಒಂದಾದದ್ದು, ಮೊಡವೆ ಬಂದದ್ದು, ಎಲ್ಲವನ್ನೂ ದೂರದಿಂದ ನೋಡಿದೆ. ಅವಳು ಗಮನಿಸಿದಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಸಿನಿಮಾದವರು ಬಂದದ್ದು ಹಂಸಳಿಗೆ ಹತ್ತೊಂಬತ್ತಾದ ವರ್ಷ. ಪ್ರದ್ಯುಮ್ನ ಎಂಬ ನಿರ್ದೇಶಕ ಬೇರೆ ಊರಿನವನು, ಪ್ಯಾಂಟು ಚಿಕ್ಕದು ಮಾಡಿಸಲು ನನ್ನ ಅಂಗಡಿಗೆ ಬಂದ. ನನ್ನ ಬಾಯಿ ಸುಮ್ಮನಿರುತ್ತದೆಯೇ? ಹದಿನಾಲ್ಕು ವರ್ಷ ಯಾರ ಹತ್ತಿರವೂ ಆಡದೆ ಇಟ್ಟುಕೊಂಡ ಮಾತು. ಎಲ್ಲ ಹೇಳಿದೆ. ‘ಫೋಟೋ ಇರಲಿಲ್ವಾ ಮೇಡಂ?’ ಎಂದು ಕೇಳಿದ. ಇತ್ತು, ಆದರೆ ಮರೆತ ಮುಖದ ಫೋಟೋವನ್ನು ಎದುರಿನ ಮುಖದ ಪಕ್ಕ ಹಿಡಿದರೆ ನಮ್ಮ ಕಣ್ಣಿಗೆ ಒಂದಕ್ಕೊಂದು ಸೇರುವುದಿಲ್ಲ ಎಂದೆ. ಅದು ಜನಕ್ಕೆ ಅರ್ಥ ಆಗಲ್ಲ ಎಂದು ತಲೆ ಕೆರೆದುಕೊಂಡ. ಕಥೆಗೆ ಬಂದೂಕು ಸೇರಿಸಿದ, ಮಳೆಯಲ್ಲಿ ಒಂದು ಓಟ ಸೇರಿಸಿದ. ಕೊನೆಯಲ್ಲಿ ಮಗು ಜಗಲಿಯ ಮೇಲೆ ‘ಅಮ್ಮಾ’ ಎಂದು ನಿಜವಾದ ತಾಯಿಯ ಕಡೆಗೇ ಓಡಿಬರುವಂತೆ ಮಾಡಿದ. ಒಬ್ಬ ವಿಮರ್ಶಕ, ಈ ಹಳಸಲು ಕ್ಲೈಮಾಕ್ಸನ್ನು ಇನ್ನೂ ಎಷ್ಟು ಸಲ ನೋಡಬೇಕು ಎಂದು ಬರೆದ. ನಾನು ಮ್ಯಾಟಿನಿಗೆ ಹೋಗಿ ಅದನ್ನು ನಾಲ್ಕು ದಿನವೂ ನೋಡಿದೆ. ಮಗು ಓಡಿಬರುವುದು ಕಾಲು ನಿಮಿಷ ಇದ್ದಿರಬಹುದು. ಅಷ್ಟಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಿಕೊಂಡೆ.

ಟಾಕೀಸಿನಿಂದ ಸಿನಿಮಾ ಎತ್ತಿದ ಮಾರನೆಯ ದಿನ ಹಂಸ ನನ್ನ ಅಂಗಡಿಗೆ ಬಂದಳು. ನನ್ನ ಕೈ ಮಿಷಿನ್ನಿನ ಚಕ್ರದ ಮೇಲೇ ನಿಂತುಹೋಯಿತು. ಹದಿನಾಲ್ಕು ವರ್ಷದಲ್ಲಿ ಅವಳು ನನಗೆ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತಳು.

‘ಸಿನಿಮಾ ನೋಡ್ದೆ’ ಅಂದಳು. ‘ಟಾಕೀಸ್ನಲ್ಲಿ ಎಲ್ರೂ ನಗ್ತಿದ್ರು. ನಾನೊಬ್ಳೇ ಅಳ್ತಿದ್ದೆ. ನಮ್ಮಜ್ಜಿ ಹೆಬ್ಬೆರಳು, ನಾನು ಹುಟ್ಟುವಾಗ ಕರೆಂಟು ಹೋಗಿದ್ದು, ಎಲ್ಲ ಅದ್ರಲ್ಲಿತ್ತು. ಪ್ರತಿ ಗುರುವಾರ ನನ್ನ ನೋಡೋಕೆ ಬರೋರು ಯಾರು ಅಂತ ಆವಾಗ ಗೊತ್ತಾಯ್ತು.’

ನಾನು ಸೂಜಿಯ ಕೆಳಗಿದ್ದ ಬಟ್ಟೆಯ ದಾರ ಕತ್ತರಿಸಿ ಪಕ್ಕಕ್ಕಿಟ್ಟೆ.

‘ಮನೇಗೋಗಿ ಅಮ್ಮನ್ನ ಕೇಳ್ದೆ. ಮುಚ್ಚುಮರೆ ಮಾಡ್ಲಿಲ್ಲ. ಆವತ್ತು ಬೆಳಗ್ಗೆ ಕಾರ್ಖಾನೆ ಗೇಟಿನ ಹತ್ರ ಆ ಇಬ್ರೂ ನಿಂತಿದ್ದನ್ನ ಅವ್ಳು ನೋಡಿದ್ಲಂತೆ. ಗೊತ್ತಿದ್ದೇ ನಿಮ್ಮನ್ನ ಆ ಜಾಗದಲ್ಲಿ ಕೂರಿಸಿದ್ಲಂತೆ. ಒಂಬತ್ತು ದಿನ ಹತ್ತಿ ಗೋಡೌನಲ್ಲಿ ಬಚ್ಚಿಟ್ಕೊಂಡಿದ್ಲಂತೆ. ಎಲ್ಲ ಒಪ್ಕೊಂಡ್ಲು.’

ಗೊತ್ತಿತ್ತೋ ಇಲ್ಲವೋ ಎಂದು ಹದಿನಾಲ್ಕು ವರ್ಷ ಯೋಚಿಸಿದ್ದೆ. ಗೊತ್ತಿತ್ತು. ನನಗೆ ಕಡುಕೋಪ ಬಂತು. ಅದರ ಜೊತೆಗೇ ಇನ್ನೊಂದೂ ಆಯಿತು, ಸಂತೋಷ. ಇನ್ನೇನು ಇವಳು ನನ್ನನ್ನು ಅಮ್ಮ ಎನ್ನುತ್ತಾಳೆ ಎಂದುಕೊಂಡೆ. ಎದ್ದು ಅವಳ ಭುಜದ ಮೇಲೆ ಕೈಯಿಡಲು ಹೋದೆ. ಅವಳು ಹಿಂದೆ ಸರಿಯಲಿಲ್ಲ, ಆದರೆ ತಲೆ ತಗ್ಗಿಸಿದಳು.

‘ನಾಕು ದಿನದಿಂದ ಅವ್ಳು ಊಟ ಮಾಡಿಲ್ಲ. ನಾನು ಬಿಟ್ಟೋಗ್ತೀನಿ ಅಂತ ಬಾಗಿಲಲ್ಲೇ ಕೂತವ್ಳೆ. ಅವ್ಳು ಮಾಡಿದ್ದು ಪಾಪ. ನಿಮಗೆ ಆಗಿದ್ದು ಯಾರಿಗೂ ಆಗ್ಬಾರ್ದು. ಆದ್ರೆ ನಂಗೆ ಜ್ವರ ಬಂದಾಗ ಕೂತಿದ್ದೋಳು ಅವ್ಳು. ನಾನು ಅಮ್ಮ ಅಂದಾಗ ಕಣ್ಮುಂದೆ ಬರೋದು ಅವ್ಳ ಮುಖ. ಏನ್ ಮಾಡ್ಲಿ ಹೇಳಿ? ಬೇರೆ ಮುಖ ತರ್ಸೋಕೆ ಎಷ್ಟು ಒದ್ದಾಡಿದ್ರೂ ಬರ್ತಾ ಇಲ್ಲ.’

‘ನಾನೇನೂ ಕೇಳಲ್ಲ ಕಂದ’ ಅಂದೆ. ‘ಗುರುವಾರ ಬಂದು ನೋಡ್ಕೊಂಡು ಹೋಗ್ತೀನಿ. ಮಾತೂ ಆಡ್ಸಲ್ಲ.’

ಅವಳ ಕಣ್ಣಲ್ಲಿ ನೀರು ತುಂಬಿತು. ‘ಅದನ್ನೇ ಕೇಳೋಕೆ ಬಂದೆ. ಇನ್ಮೇಲೆ ನೋಡ್ಬೇಡಿ. ನೀವು ಅಲ್ಲಿ ನಿಂತಿದೀರ ಅಂತ ಗೊತ್ತಾದ ಮೇಲೆ ನಂಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಅವ್ಳನ್ನ ನೋಡಿದ್ರೆ ನೀವು, ನಿಮ್ಮನ್ನ ನೋಡಿದ್ರೆ ಅವ್ಳು. ಒಂಬತ್ತು ದಿನ ಕಣ್ರೀ. ಒಂಬತ್ತು ದಿನ ಇಬ್ರೂ ನೋಡ್ದೆ ಇದ್ಬಿಡೋಣ. ಆಮೇಲೆ ನಿಮಗೂ ಕಾಯೋದು ತಪ್ಪುತ್ತೆ, ನಂಗೂ ಉಸಿರಾಡೋಕಾಗುತ್ತೆ. ಎಲ್ಲಾದ್ರೂ ಸಿಕ್ಕಿದ್ರೂ ಹೆಸರು ಕೇಳ್ಬೇಡಿ.’

ಕಣ್ರೀ ಎಂದಳು. ಹೊರಗಿನವರಿಗೆ ಹೇಳುವ ಹಾಗೆ. ಇಲ್ಲ ಎನ್ನುವ ಹಕ್ಕು ನನಗಿತ್ತೋ ಏನೋ. ಒಂದು ಗೂಡಿನಲ್ಲಿ ನನ್ನನ್ನು ಕೂಡಿಹಾಕಿ ಈ ಮುಖವನ್ನು ಕಿತ್ತುಕೊಂಡಿದ್ದರು, ಈಗ ಇವಳೇ ಬಂದು ಕೈಯೊಡ್ಡಿ ಕೇಳುತ್ತಿದ್ದಾಳೆ. ಮಕ್ಕಳು ಕೇಳಿದ್ದನ್ನು ಕೊಡದೆ ಇರುವುದು ಹೇಗೆ? ನಾನು ಅವಳಿಗೆ ಕೊಟ್ಟದ್ದಾದರೂ ಏನಿತ್ತು? ಆಗಲಿ ಎಂದೆ. ಒಂದು ನಿಮಿಷ ಕೂತಿರು ಎಂದೆ. ಕೂತಳು. ಆ ಒಂದು ನಿಮಿಷ ನಾನು ರೆಪ್ಪೆ ಮಿಟುಕಿಸದೆ ನೋಡಿದೆ. ಆಮೇಲೆ ಅವಳು ಎದ್ದು, ನನ್ನ ಕಾಲು ಮುಟ್ಟಿ, ಹೋದಳು.

ಅಂಗಡಿಯ ಬಾಗಿಲು ಹಾಕಿದೆ. ಬೀದಿಗೆ ಹೋದರೆ ಕಾಲು ತಾನಾಗಿ ಬಸ್ ಸ್ಟಾಂಡಿನ ಕಡೆಗೆ ಎಳೆಯುತ್ತದೆಂದು ಒಳಗೇ ಚಿಲಕ ಹಾಕಿಕೊಂಡು ಕೂತೆ. ಗುರುವಾರ ಬಂತು. ಬಾಗಿಲ ಹಿಂದೆ ನಿಂತು ಚಿಲಕ ಹಿಡಿದುಕೊಂಡೆ, ಬಸ್ಸು ಹೋದ ಸದ್ದು ಕೇಳುವವರೆಗೂ. ಎಂಟನೆಯ ದಿನ ಅವಳು ಸ್ಪಷ್ಟವಾಗಿ ಇದ್ದಳು. ಒಂಬತ್ತನೆಯ ದಿನವೂ ಇದ್ದಳು. ಮಲಗದಿದ್ದರೆ ಉಳಿಯುತ್ತಾಳೇನೋ ಎಂದು ಒಮ್ಮೆ ಅನ್ನಿಸಿತು. ಆದರೆ ಮಾತು ಕೊಟ್ಟಿದ್ದೆ. ದೀಪ ಆರಿಸಿ ಮಲಗಿದೆ.

ಹತ್ತನೆಯ ದಿನ ಅಂಗಡಿ ತೆರೆದೆ. ಒಂಬತ್ತು ದಿನ ಯಾರನ್ನೂ ನೋಡದೆ ಇದ್ದದ್ದರಿಂದ ಇಡೀ ಊರೇ ನನಗೆ ಹೊಸದಾಗಿತ್ತು. ಪಕ್ಕದ ಅಂಗಡಿಯವನೂ ಹೊಸಬ. ನನ್ನನ್ನು ಜಾಗದಿಂದ ಗುರುತಿಸಿ, ‘ಏನ್ ಚಂಪಕ್ಕ, ಹುಷಾರಿರಲಿಲ್ವಾ?’ ಎಂದ. ಹೂಂ ಎಂದೆ.

ಹನ್ನೊಂದು ಗಂಟೆಗೆ ಒಬ್ಬ ಹುಡುಗಿ ರವಿಕೆ ಬಟ್ಟೆ ತಂದಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಅವಳ ಬೆನ್ನ ಹಿಂದೆ ನಿಂತೆ. ಭುಜದಿಂದ ಭುಜಕ್ಕೆ ಹಿಡಿದೆ. ಇನ್ನೊಮ್ಮೆ ಹಿಡಿದೆ.

‘ಯಾಕಕ್ಕ, ಸರಿಯಾಗಿ ಬರ್ಲಿಲ್ವಾ?’ ಎಂದು ಕೇಳಿದಳು.

‘ಬಂತು’ ಎಂದೆ. ‘ಹದಿನಾಲ್ಕು.’

ಹೆಸರು ಕೇಳಲಿಲ್ಲ. ಬಟ್ಟೆಯ ಮೂಲೆಗೆ ಚೀಟಿ ಪಿನ್ನು ಮಾಡಿ ಶನಿವಾರ ಬಾ ಎಂದೆ. ಅವಳು ಹೋದ ಮೇಲೆ ಅದೇ ವಯಸ್ಸಿನ ಇನ್ನೊಬ್ಬಳು ಬಂದಳು. ನಾನು ಟೇಪು ಹಿಡಿದುಕೊಂಡು ಮತ್ತೆ ಎದ್ದು ನಿಂತೆ.